ಪೆಟ್ಟಿಗೆಯಲ್ಲಿ ಉಳಿದ ಬೆಟ್ಟಗಳು: ಹಳೆ ಫಿಲ್ಮ್ ಫೋಟೋಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಫಿಲ್ಮ್ ಕೈಗೆ ಸಿಕ್ಕವರು ಮಾತಿನ ನಡುವೆ ಕೇಳಿದ, ಪತ್ರ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಮನುಷ್ಯರ ಫೋಟೋ ಆದರೆ ಮನೆಯಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ, ಜೋಪಾನ ಮಾಡುತ್ತಾರೆ. ಬೆಟ್ಟ, ಹೊಳೆ, ಬಯಲಿನ ಫೋಟೋಗಳನ್ನು ಕೇಳುವವರಿಲ್ಲ. ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದು ಅವೇ. ಅದಕ್ಕೇ ಇಲ್ಲಿ ಅವುಗಳ ಮಾತೇ ಜಾಸ್ತಿ.

## ಪೆಟ್ಟಿಗೆ ತೆರೆದ ದಿನ

ಪೆಟ್ಟಿಗೆ ತುಂಬ ಹಳೆ ನೆಗೆಟಿವ್ ಸಿಕ್ಕಿದೆ. ಮೊದಲು ಏನು ಮಾಡ್ಲಿ?

ಸದ್ಯಕ್ಕೆ ಏನನ್ನೂ ಜೋಡಿಸಬೇಡಿ. ಇದ್ದ ಹಾಗೇ ಇರಲಿ. ಪೆಟ್ಟಿಗೆಯ ಒಳಗನ್ನು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಯಾವ ಲಕೋಟೆ ಯಾವುದರ ಪಕ್ಕದಲ್ಲಿತ್ತು ಅನ್ನುವುದು ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ. ಒಂದೇ ಪ್ರವಾಸದ ಫಿಲ್ಮುಗಳು ಸಾಮಾನ್ಯವಾಗಿ ಒಟ್ಟಿಗೇ ಇರುತ್ತವೆ.

ಆಮೇಲೆ ಬರಹ ಹುಡುಕಿ. ಲಕೋಟೆಯ ಹಿಂದೆ, ಸ್ಲೈಡಿನ ಚೌಕಟ್ಟಿನ ಮೇಲೆ, ಡಬ್ಬಿಯ ಮುಚ್ಚಳದ ಒಳಗೆ ನೋಡಿ. ನಮ್ಮ ದೊಡ್ಡಪ್ಪನ ಸ್ಲೈಡುಗಳಲ್ಲಿ ಒಂದರ ಚೌಕಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿತ್ತು: ‘ಮಳೆ ನಿಂತ ಮೇಲೆ, ಸೇತುವೆಯಿಂದ.’ ಅಷ್ಟೇ. ಬೆಳಕಿಗೆ ಓರೆಯಾಗಿ ಹಿಡಿಯದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಆ ನಾಲ್ಕು ಪದ ಇಲ್ಲದಿದ್ದರೆ ನನಗೆ ಅದು ಯಾವುದೋ ಹೊಳೆ ಆಗಿ ಉಳಿಯುತ್ತಿತ್ತು.

ಫೋಟೋ ತೆಗೆದವರು ಇನ್ನೂ ಇದ್ದರೆ ಸ್ಕ್ಯಾನರ್ ಕೊಳ್ಳುವ ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ. ಫಿಲ್ಮನ್ನು ಮುಂದಿನ ವರ್ಷವೂ ಸ್ಕ್ಯಾನ್ ಮಾಡಬಹುದು. ನೆನಪು ಹಾಗೆ ಕಾಯುವುದಿಲ್ಲ.

ನೆಗೆಟಿವ್ ಯಾವುದು, ಸ್ಲೈಡ್ ಯಾವುದು? ನಂಗೆ ವ್ಯತ್ಯಾಸ ಗೊತ್ತಾಗ್ತಿಲ್ಲ.

ಬೆಳಕಿಗೆ ಹಿಡಿದು ನೋಡಿ. ಬಣ್ಣಗಳು ನಿಜವಾದ ಬಣ್ಣಗಳ ಹಾಗೇ ಇದ್ದರೆ ಅದು ಸ್ಲೈಡ್. ಸಾಮಾನ್ಯವಾಗಿ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚಿಕ್ಕ ಚೌಕಟ್ಟಿನಲ್ಲಿ ಇರುತ್ತದೆ. ಫಿಲ್ಮ್ ಪೂರ್ತಿ ಕಿತ್ತಳೆ ಬಣ್ಣದ್ದಾಗಿ, ಆಕಾಶ ಕಂದಾಗಿ ಕಂಡರೆ ಕಲರ್ ನೆಗೆಟಿವ್. ಬೂದು ಬಣ್ಣದಲ್ಲಿ ಬೆಳಕು ಕತ್ತಲೆ ಅದಲುಬದಲಾಗಿದ್ದರೆ ಕಪ್ಪು ಬಿಳುಪು ನೆಗೆಟಿವ್.

ಸ್ಕ್ಯಾನರ್ ಇಲ್ಲ. ಒಳಗೆ ಏನಿದೆ ಅಂತ ಸುಮ್ನೆ ಒಮ್ಮೆ ನೋಡಬಹುದಾ?

ಖಂಡಿತ. ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಪರದೆಯ ಮೇಲೆ ಪೂರ್ತಿ ಬಿಳಿ ಪುಟ ತೆರೆದು, ಬೆಳಕು ಜೋರು ಮಾಡಿ. ಫಿಲ್ಮನ್ನು ಪರದೆಗೆ ತಾಗಿಸಬೇಡಿ, ಒಂದೆರಡು ಇಂಚು ಮೇಲೆ ಹಿಡಿಯಿರಿ. ಇಲ್ಲದಿದ್ದರೆ ಪರದೆಯ ಚುಕ್ಕೆಗಳೇ ಫೋಟೋದಲ್ಲಿ ಬರುತ್ತವೆ. ಮೊಬೈಲಿನಲ್ಲಿ ಕ್ಲಿಕ್ಕಿಸಿ, ಎಡಿಟ್ ಮಾಡುವ ಆ್ಯಪ್‌ನಲ್ಲಿ ಬಣ್ಣ ತಿರುಗಿಸಿದರೆ ನೆಗೆಟಿವ್ ಪಾಸಿಟಿವ್ ಆಗುತ್ತದೆ. ಫಿಲ್ಮನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳಿನ ಎಣ್ಣೆಯ ಗುರುತು ಫಿಲ್ಮಿನ ಮೇಲೆ ಕೂತರೆ ಬಿಡಿಸುವುದು ಕಷ್ಟ.

ಡಬ್ಬಿ ತೆರೆದರೆ ವಿನೆಗರ್ ವಾಸನೆ. ಎಲ್ಲಾ ಹಾಳಾಯ್ತಾ?

ಹಾಳಾಗಲು ಶುರುವಾಗಿದೆ ಅಂತ ಅರ್ಥ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮಿನ ತಳ (ಚಿತ್ರದ ಪದರ ಅಂಟಿರುವ ಹಾಳೆ) ಒಡೆಯುವಾಗ ಅಸಿಟಿಕ್ ಆಮ್ಲ ಬಿಡುಗಡೆಯಾಗುತ್ತದೆ. ವಿನೆಗರಿನಲ್ಲಿ ಇರುವುದೂ ಅದೇ. ಸೆಕೆ ಮತ್ತು ತೇವ ಜಾಸ್ತಿಯಾದಷ್ಟೂ ಇದು ಬೇಗ ಆಗುತ್ತದೆ. ಒಂದು ಫಿಲ್ಮಿನಿಂದ ಹೊರಬಂದ ಆಮ್ಲ ಪಕ್ಕದ ಫಿಲ್ಮಿಗೂ ತಗಲುತ್ತದೆ. ವಾಸನೆ ಬರುವುದನ್ನು ಬೇರೆ ಮಾಡಿ, ಗಾಳಿಯಾಡುವ ತಂಪು ಜಾಗದಲ್ಲಿ ಇಡಿ. ಸ್ಕ್ಯಾನ್ ಮಾಡುವಾಗ ಅದಕ್ಕೇ ಮೊದಲ ಸರದಿ ಕೊಡಿ. ಫಿಲ್ಮ್ ಕುಗ್ಗಿ, ಎಮಲ್ಷನ್ (ಚಿತ್ರ ಇರುವ ಪದರ) ಸುಕ್ಕಾಗಲು ಶುರುವಾದ ಮೇಲೆ ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ.

ತುಂಬಾ ಹಳೆಯದಾದರೆ ಇನ್ನೊಂದು ಎಚ್ಚರಿಕೆ. 1950ರ ದಶಕದ ಆರಂಭದವರೆಗೂ ಕೆಲವು ಫಿಲ್ಮುಗಳು ನೈಟ್ರೇಟ್ ಎಂಬ ಬೇರೆ ಪ್ಲಾಸ್ಟಿಕ್ಕಿನ ತಳದವು. ಅವು ಬಹಳ ಬೇಗ ಹೊತ್ತಿಕೊಳ್ಳುತ್ತವೆ. ಅಂಚಿನಲ್ಲಿ ‘ಸೇಫ್ಟಿ’ ಎಂಬ ಇಂಗ್ಲಿಷ್ ಪದ ಅಚ್ಚಾಗಿದ್ದರೆ ಆ ಭಯ ಇಲ್ಲ. ಹಳದಿಯಾಗಿ ಅಂಟಂಟಾಗಿರುವ ತೀರಾ ಹಳೆ ಫಿಲ್ಮ್ ಸಿಕ್ಕಿದರೆ ಬಿಸಿ ಬಲ್ಬಿನ ಹತ್ತಿರ ಒಯ್ಯಬೇಡಿ, ಸಂಗ್ರಹಾಲಯದ ತಜ್ಞರಿಗೆ ತೋರಿಸಿ.

ಬೂಷ್ಟು ಬಂದಿದೆ. ನೀರಲ್ಲಿ ತೊಳೆದುಬಿಡ್ಲಾ?

ದಯವಿಟ್ಟು ಬೇಡ. ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ತಿನ್ನುವುದೂ ಆ ಜೆಲಟಿನ್ನನ್ನೇ. ಬೂಷ್ಟು ಹಿಡಿದ ಜೆಲಟಿನ್ ನೀರಿನಲ್ಲಿ ಕರಗಬಲ್ಲದು. ತೊಳೆಯಲು ಹೋದರೆ ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ. ಮೊದಲು ಚೆನ್ನಾಗಿ ಒಣಗಿದ ಜಾಗದಲ್ಲಿ ಇಡಿ, ರಬ್ಬರ್ ಬ್ಲೋವರಿನಿಂದ ಊದಿ. ಒರೆಸಲೇಬೇಕಾದರೆ ನೀರಿಲ್ಲದ ಫಿಲ್ಮ್ ಕ್ಲೀನರ್ ಬಳಸಿ, ಅದೂ ಬೇಡವಾದ ಒಂದು ಫ್ರೇಮಿನ ಮೇಲೆ ಪರೀಕ್ಷೆ ಮಾಡಿದ ಮೇಲೆ.

ಡೆವಲಪ್ ಮಾಡದ ಒಂದು ರೀಲು ಸಿಕ್ಕಿದೆ. ಇಷ್ಟು ವರ್ಷದ ಮೇಲೆ ಏನಾದ್ರೂ ಬರುತ್ತಾ?

ಬರಬಹುದು. 1897ರಲ್ಲಿ ಸ್ವೀಡನ್ನಿನ ಆಂದ್ರೆ ಮತ್ತು ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟು ಹಿಂದಿರುಗಲೇ ಇಲ್ಲ. 1930ರಲ್ಲಿ ಕ್ವಿಟೋಯಾ ದ್ವೀಪದಲ್ಲಿ ಅವರ ದೇಹಗಳ ಜೊತೆ ಫಿಲ್ಮುಗಳೂ ಸಿಕ್ಕವು. 33 ವರ್ಷ ಹಿಮದಲ್ಲಿ ಬಿದ್ದಿದ್ದ ಆ ಫಿಲ್ಮುಗಳಿಂದ ಯೋನ್ ಹರ್ಟ್ಸ್‌ಬರ್ಗ್ 93 ಚಿತ್ರಗಳನ್ನು ಉಳಿಸಿದರು. ಹಿಮದ ಬಯಲು, ಅದರ ಮೇಲೆ ಮಗುಚಿ ಬಿದ್ದ ಬಲೂನು, ಎಲ್ಲಾ ಕಾಣುತ್ತದೆ. ಅಲ್ಲಿ ಚಳಿಯೇ ಫಿಲ್ಮನ್ನು ಕಾಪಾಡಿತು. ಬೀರುವಿನ ಸೆಕೆಯಲ್ಲಿ ಇದ್ದ ರೀಲಿನಿಂದ ಅಷ್ಟು ನಿರೀಕ್ಷೆ ಬೇಡ, ಆದರೆ ಪ್ರಯತ್ನ ಬಿಡಲೂ ಬೇಡಿ.

ಹಳೆ ಫಿಲ್ಮ್ ಡೆವಲಪ್ ಮಾಡಿ ಅಭ್ಯಾಸ ಇರುವ ಲ್ಯಾಬಿಗೇ ಕೊಡಿ. ಬಣ್ಣದ ಫಿಲ್ಮ್ ಆಗಿದ್ದರೂ ಕೆಲವೊಮ್ಮೆ ಕಪ್ಪು ಬಿಳುಪಾಗಿ ಡೆವಲಪ್ ಮಾಡುವುದೇ ಒಳ್ಳೆಯದು, ಚಿತ್ರ ಸ್ಪಷ್ಟ ಬರುತ್ತದೆ. ಕೊಡಾಕ್ ಕಂಪನಿಯ ಕೊಡಾಕ್ರೋಮ್ ಎಂಬ ಸ್ಲೈಡ್ ಫಿಲ್ಮಿನ ರೀಲಿಗಂತೂ ಈಗ ಬೇರೆ ದಾರಿಯೇ ಇಲ್ಲ. ಅದನ್ನು ಬಣ್ಣದಲ್ಲಿ ಡೆವಲಪ್ ಮಾಡುತ್ತಿದ್ದ ಕೊನೆಯ ಲ್ಯಾಬ್ ಅಮೆರಿಕದ ಕಾನ್ಸಾಸ್‌ನಲ್ಲಿತ್ತು. ಅದು 2010ರ ಡಿಸೆಂಬರ್ 30ರ ನಂತರ ಹೊಸ ರೀಲು ತೆಗೆದುಕೊಳ್ಳಲಿಲ್ಲ.

## ಯಾವಾಗ, ಎಲ್ಲಿ

ಇದು ಯಾವ ವರ್ಷದ್ದು ಅಂತ ಹೇಗೆ ಹೇಳೋದು? ಫೋಟೋದಲ್ಲಿ ಬರೀ ಬೆಟ್ಟ ಇದೆ.

ಉಡುಪು, ಕಾರು, ಬೋರ್ಡು ಯಾವುದೂ ಇಲ್ಲದಿದ್ದಾಗ ಫಿಲ್ಮನ್ನೇ ಕೇಳಬೇಕು. ಅಂಚಿನಲ್ಲಿ ಫಿಲ್ಮಿನ ಹೆಸರು ಇರುತ್ತದೆ. ವೆಲ್ವಿಯಾ (ಫ್ಯೂಜಿ ಕಂಪನಿಯ ಸ್ಲೈಡ್ ಫಿಲ್ಮ್) ಅಂತಿದ್ದರೆ ಅದು 1990ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ರೀಲಿನ ಡಬ್ಬಿಯ ಮೇಲೆ ಬೆಳ್ಳಿ ಮತ್ತು ಕಪ್ಪು ಚೌಕಗಳ, ಫಿಲ್ಮ್ ಯಾವುದು ಅಂತ ಕ್ಯಾಮೆರಾಗೆ ತಿಳಿಸುವ ಡಿಎಕ್ಸ್ ಗುರುತಿದ್ದರೆ 1983 ಅಥವಾ ಆಮೇಲಿನದು. ಫಿಲ್ಮಿನ ನಮೂನೆಯೂ ಕಾಲ ಹೇಳುತ್ತದೆ: 126 ಎಂಬ ಕಾರ್ಟ್ರಿಜ್ ಬಂದದ್ದು 1963ರಲ್ಲಿ, ಬೆರಳುದ್ದದ 110 ಬಂದದ್ದು 1972ರಲ್ಲಿ, ಎಪಿಎಸ್ 1996ರಲ್ಲಿ. ಸ್ಲೈಡಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷ ಅಚ್ಚಾಗಿರುವುದೂ ಉಂಟು. ಆದರೆ ಅದು ಡೆವಲಪ್ ಮಾಡಿದ ದಿನ. ರೀಲು ಮುಗಿಯುವವರೆಗೆ ಎಷ್ಟೋ ಜನ ವರ್ಷಗಟ್ಟಲೆ ಕ್ಯಾಮೆರಾದಲ್ಲೇ ಬಿಡುತ್ತಿದ್ದರು.

ಆಮೇಲೆ ಆಕಾಶವನ್ನು ಕೇಳಬಹುದು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಕತೆ ಒಂದಿದೆ. ಅಮೆರಿಕದ ಪ್ರಸಿದ್ಧ ಫೋಟೋಗ್ರಾಫರ್ ಆನ್ಸೆಲ್ ಆ್ಯಡಮ್ಸ್ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರುವ ಚಿತ್ರ ತೆಗೆದರು. ಜಗತ್ತೆಲ್ಲ ನೋಡಿದ ಚಿತ್ರ. ಅದರ ದಿನ ಮಾತ್ರ ಅವರಿಗೇ ನೆನಪಿರಲಿಲ್ಲ. ಬೇರೆ ಬೇರೆ ಸಲ ಬೇರೆ ಬೇರೆ ವರ್ಷ ಹೇಳಿದ್ದರು. ಕೊನೆಗೆ ಖಗೋಳ ಬಲ್ಲವರು ಚಂದ್ರನ ಎತ್ತರ, ದಿಕ್ಕು ಅಳೆದು ಲೆಕ್ಕ ಹಾಕಿದರು. ಮೊದಲ ಲೆಕ್ಕದಲ್ಲಿ 1941ರ ಅಕ್ಟೋಬರ್ 31 ಅಂತ ಬಂತು. 1991ರಲ್ಲಿ ಅಂಥವರಲ್ಲೇ ಇನ್ನೊಬ್ಬರಾದ ಡೆನಿಸ್ ಡಿ ಚಿಕೊ ಕ್ಯಾಮೆರಾ ನಿಂತ ಜಾಗವನ್ನು ಇನ್ನೂ ಸರಿಯಾಗಿ ಹುಡುಕಿ ಮತ್ತೆ ಲೆಕ್ಕ ಹಾಕಿದರು. 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ! ನಿಮ್ಮ ಫೋಟೋದಲ್ಲಿ ಚಂದ್ರ ಇದ್ದು, ಜಾಗ ಗೊತ್ತಿದ್ದರೆ, ಇದೇ ಕೆಲಸವನ್ನು ಈಗ ಉಚಿತ ತಾರಾಲಯ ಸಾಫ್ಟ್‌ವೇರ್ ಇಟ್ಟುಕೊಂಡು ನೀವೂ ಮಾಡಬಹುದು. ಚಂದ್ರ ಇಲ್ಲದಿದ್ದರೂ ನೆರಳಿನ ದಿಕ್ಕು ಮತ್ತು ಉದ್ದ ಋತುವನ್ನು ಹೇಳುತ್ತವೆ.

ಯಾವ ಜಾಗ ಅಂತ ಮನೇಲಿ ಯಾರಿಗೂ ನೆನಪಿಲ್ಲ. ಹುಡುಕೋಕೆ ದಾರಿ ಇದೆಯಾ?

ಒಂದೇ ಫ್ರೇಮ್ ಹಿಡಿದುಕೊಂಡು ಹುಡುಕಬೇಡಿ. ಅದೇ ಪಟ್ಟಿಯ ಹಿಂದಿನ, ಮುಂದಿನ ಫ್ರೇಮ್ ನೋಡಿ. ಬೆಟ್ಟದ ಫೋಟೋಗೆ ಎರಡು ಫ್ರೇಮ್ ಮುಂಚೆ ಒಂದು ರೈಲು ನಿಲ್ದಾಣದ ಬೋರ್ಡು, ಒಂದು ಮೈಲಿಗಲ್ಲು ಇರಬಹುದು. ಅಂಚಿನ ಅಂಕಿಗಳು ಇರುವುದೇ ಈ ಸಾಲು ತಪ್ಪದಿರಲಿ ಅಂತ.

ನಂತರ ಬೆಟ್ಟದ ಮೇಲ್ಗೆರೆ. ಮರ ಬೆಳೆಯುತ್ತದೆ, ಕಟ್ಟಡ ಬೀಳುತ್ತದೆ, ಬೆಟ್ಟದ ಮೇಲ್ಗೆರೆ ನಮ್ಮ ಆಯುಷ್ಯದಲ್ಲಿ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನು ತೆಳು ಹಾಳೆಯ ಮೇಲೆ ಗೆರೆಯಾಗಿ ಬಿಡಿಸಿಕೊಳ್ಳಿ. ಗೂಗಲ್ ಅರ್ಥ್‌ನಲ್ಲಿ ನೆಲಮಟ್ಟಕ್ಕೆ ಇಳಿದು ಸುತ್ತ ತಿರುಗಿ ನೋಡಿದರೆ ಅದೇ ಗೆರೆ ಎಲ್ಲಿಂದ ಕಾಣುತ್ತದೆ ಅಂತ ಹುಡುಕಬಹುದು. ಶಿಖರಗಳನ್ನು ಗುರುತಿಸುವ ಪೀಕ್‌ಫೈಂಡರ್ ಥರದ ಆ್ಯಪ್‌ಗಳೂ ಇವೆ.

ಆದರೆ ಇಷ್ಟೆಲ್ಲ ಶುರು ಮಾಡುವ ಮೊದಲು ಒಂದನ್ನು ಖಚಿತ ಮಾಡಿಕೊಳ್ಳಿ: ಫೋಟೋ ಎಡಬಲ ತಿರುಗಿಲ್ಲ ತಾನೇ? ದೊಡ್ಡಪ್ಪನ ಆ ಸೇತುವೆಯ ಸ್ಲೈಡಿಗಾಗಿ ನಾನು ಎರಡು ವಾರ ನಕ್ಷೆ ತಡಕಾಡಿದ್ದೆ. ಹೊಳೆ ಬಲಕ್ಕೆ ತಿರುಗಬೇಕು, ಎಡದಲ್ಲಿ ಮೊಂಡು ತುದಿಯ ಗುಡ್ಡ ಇರಬೇಕು. ಎಲ್ಲೂ ಸಿಗಲಿಲ್ಲ. ಯಾರೋ ಚೌಕಟ್ಟು ಬದಲಿಸುವಾಗ ಫಿಲ್ಮನ್ನು ಮಗುಚಿ ಕೂರಿಸಿದ್ದರು. ತಿರುಗಿಸಿ ನೋಡಿದ ದಿನವೇ ಜಾಗ ಸಿಕ್ಕಿತು. ಗುರುತು ಸುಲಭ: ಫಿಲ್ಮಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಮಂಕು ಬದಿಯೇ ಎಮಲ್ಷನ್. ಹೊಳೆಯುವ ಬದಿ ನಿಮ್ಮ ಕಡೆ ಇದ್ದಾಗ ಚಿತ್ರ ಸರಿಯಾಗಿ ಕಾಣುತ್ತದೆ. ಅಂಚಿನ ಅಕ್ಷರಗಳೂ ಆಗಲೇ ನೆಟ್ಟಗೆ ಓದಲು ಬರುತ್ತವೆ. ಮುಖವಿದ್ದ ಫೋಟೋ ತಿರುಗಿದ್ದರೆ ಯಾರಾದರೂ ಹೇಳುತ್ತಾರೆ. ಬೆಟ್ಟ ತಿರುಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

## ಸ್ಕ್ಯಾನ್ ಮಾಡುವಾಗ

ಎಷ್ಟು ಡಿಪಿಐ ಇಡಬೇಕು? ಜಾಸ್ತಿ ಇಟ್ಟಷ್ಟೂ ಒಳ್ಳೆಯದಲ್ವಾ?

ಒಂದು ಮಟ್ಟದವರೆಗೆ ಮಾತ್ರ. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಓದುವ ಚುಕ್ಕೆಗಳ ಸಂಖ್ಯೆ. 35 ಮಿ.ಮೀ. ಫಿಲ್ಮಿನ ಒಂದು ಫ್ರೇಮ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 2400 ಡಿಪಿಐಯಲ್ಲಿ ಸುಮಾರು 3400 × 2270 ಪಿಕ್ಸೆಲ್ ಸಿಗುತ್ತದೆ. ಪರದೆಯಲ್ಲಿ ನೋಡಲು, ಸಾಧಾರಣ ಪ್ರಿಂಟಿಗೆ ಅದು ಸಾಕು. 4000 ಡಿಪಿಐಯಲ್ಲಿ ಸುಮಾರು 5670 × 3780, ಅಂದರೆ 21 ಮೆಗಾಪಿಕ್ಸೆಲ್. ಕೈಯಲ್ಲಿ ಹಿಡಿದು ತೆಗೆದ ಬಹುಪಾಲು ಫೋಟೋಗಳಲ್ಲಿ ಅದರ ಆಚೆಗೆ ಬರುವುದು ಫಿಲ್ಮಿನ ಕಾಳು (ಗ್ರೇನ್) ಮಾತ್ರ, ಹೊಸ ವಿವರ ಅಲ್ಲ. ಫ್ಲಾಟ್‌ಬೆಡ್ ಸ್ಕ್ಯಾನರುಗಳ ಡಬ್ಬಿಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬಬೇಡಿ, ನಿಜವಾಗಿ ಸಿಗುವ ವಿವರ ಅದಕ್ಕಿಂತ ಸಾಕಷ್ಟು ಕಮ್ಮಿ.

ಪೆಟ್ಟಿಗೆಯಲ್ಲಿರುವುದನ್ನೆಲ್ಲ ಮೊದಲು ಕಮ್ಮಿ ಡಿಪಿಐಯಲ್ಲಿ ಬೇಗ ಬೇಗ ಸ್ಕ್ಯಾನ್ ಮಾಡಿ, ಆಯ್ದವನ್ನು ಮಾತ್ರ ಆಮೇಲೆ 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ದೊಡ್ಡ ಫೈಲ್) ಆಗಿ ಮಾಡಿ. 4000 ಡಿಪಿಐಯ ಅಂಥ ಒಂದು ಫೈಲೇ ಸುಮಾರು 130 ಎಂಬಿ ಆಗುತ್ತದೆ. ಎಲ್ಲವನ್ನೂ ಹಾಗೇ ಮಾಡಲು ಹೊರಟವರು ಮೂರನೇ ರೀಲಿಗೇ ಕೈಬಿಟ್ಟದ್ದನ್ನು ನೋಡಿದ್ದೇನೆ.

ನನ್ನ ಹತ್ರ ಒಳ್ಳೆ ಡಿಜಿಟಲ್ ಕ್ಯಾಮೆರಾ ಇದೆ. ಅದರಲ್ಲೇ ಆಗುತ್ತಾ?

ಆಗುತ್ತದೆ, ಸ್ಕ್ಯಾನರಿಗಿಂತ ಎಷ್ಟೋ ಬೇಗ. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸ್, ಅಲುಗದ ಸ್ಟ್ಯಾಂಡ್, ಕೆಳಗಿನಿಂದ ಸಮನಾದ ಬಿಳಿ ಬೆಳಕು ಬೇಕು. ಬೆಳಕಿನ ಫಲಕ ಕೊಳ್ಳುವಾಗ ಸಿಆರ್‌ಐ 95ಕ್ಕಿಂತ ಮೇಲಿರುವುದನ್ನು ನೋಡಿ. ಬಣ್ಣಗಳನ್ನು ಬೆಳಕು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಳತೆ ಅದು. ಅಗ್ಗದ ಎಲ್‌ಇಡಿಯಲ್ಲಿ ಹಸಿರು ಮತ್ತು ಕೆಂಪು ಮಣ್ಣಿನ ಬಣ್ಣಗಳು ಕೆಡುತ್ತವೆ.

ತೊಂದರೆ ಬರುವುದು ಕ್ಯಾಮೆರಾ ಫಿಲ್ಮಿಗೆ ಸಮಾಂತರವಾಗಿ ಇಲ್ಲದಾಗ. ಒಂದು ಮೂಲೆಯ ಮರ ಸ್ಪಷ್ಟ, ಇನ್ನೊಂದು ಮೂಲೆಯದು ಮಸುಕು. ಇದಕ್ಕೆ ಒಂದು ಚಿಕ್ಕ ಕನ್ನಡಿ ಸಾಕು. ಫಿಲ್ಮ್ ಇಡುವ ಜಾಗದಲ್ಲಿ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ಸರಿಯಾಗಿ ನಡುವೆ ಬರುವವರೆಗೆ ಕ್ಯಾಮೆರಾ ಸರಿಹೊಂದಿಸಿ. ಅಷ್ಟಾದರೆ ನಾಲ್ಕೂ ಮೂಲೆ ಸ್ಪಷ್ಟ ಬರುತ್ತವೆ.

ಸ್ಕ್ಯಾನರ್ ಧೂಳನ್ನು ತಾನೇ ತೆಗೆಯುತ್ತೆ ಅಂದ್ರು. ನನ್ನ ಕಪ್ಪು ಬಿಳುಪು ಫೋಟೋ ಪೂರ್ತಿ ಕೆಟ್ಟುಹೋಯ್ತು, ಯಾಕೆ?

ಆ ವ್ಯವಸ್ಥೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡುತ್ತದೆ. ಬಣ್ಣದ ಫಿಲ್ಮಿನ ಬಣ್ಣಗಳನ್ನು ಇನ್‌ಫ್ರಾರೆಡ್ ದಾಟಿ ಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ. ಹಾಗಾಗಿ ಧೂಳು ಎಲ್ಲಿದೆ ಅಂತ ಸ್ಕ್ಯಾನರಿಗೆ ಗೊತ್ತಾಗುತ್ತದೆ. ಮಾಮೂಲಿ ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ ಅನ್ನೂ ತಡೆಯುತ್ತದೆ. ಆಗ ಬೆಟ್ಟದ ಬಂಡೆಯೂ ಸ್ಕ್ಯಾನರಿಗೆ ಧೂಳಿನ ಹಾಗೇ ಕಾಣುತ್ತದೆ. ಅದನ್ನು ಆಫ್ ಮಾಡಿ, ಬ್ಲೋವರ್ ಹಿಡಿಯಿರಿ.

ಆಕಾಶ ಗುಲಾಬಿ ಆಗಿದೆ, ಹಸಿರು ಎಲ್ಲಾ ಕಂದು. ಸರಿ ಮಾಡೋದು ಹೇಗೆ?

ಮೊದಲು ಕಾರಣ ನೋಡಿ. ಕಲರ್ ನೆಗೆಟಿವ್ ಆದರೆ ಅದರ ಕಿತ್ತಳೆ ಬಣ್ಣವನ್ನು ಸಾಫ್ಟ್‌ವೇರ್ ಸರಿಯಾಗಿ ಕಳೆದಿಲ್ಲದಿರಬಹುದು. ಫ್ರೇಮುಗಳ ನಡುವಿನ ಖಾಲಿ ಜಾಗವನ್ನೂ ಸೇರಿಸಿ ಸ್ಕ್ಯಾನ್ ಮಾಡಿ, ಆ ಜಾಗಕ್ಕೆ ಹೊಂದಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಹಳೆ ಸ್ಲೈಡ್ ಅಥವಾ ಪ್ರಿಂಟ್ ಆದರೆ ಬಣ್ಣವೇ ಮಾಸಿರುತ್ತದೆ. ಕತ್ತಲಲ್ಲಿ ಇಟ್ಟರೂ ಎಷ್ಟೋ ಹಳೆ ಫಿಲ್ಮುಗಳಲ್ಲಿ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಮೊದಲು ಹೋಗುತ್ತದೆ, ಉಳಿದದ್ದು ಕೆಂಪಾಗಿ ಕಾಣುತ್ತದೆ. ಕೊಡಾಕ್ರೋಮ್ ಕತ್ತಲಲ್ಲಿ ದಶಕಗಟ್ಟಲೆ ಚೆನ್ನಾಗಿರುತ್ತದೆ, ಆದರೆ ಪ್ರೊಜೆಕ್ಟರಿನ ಬೆಳಕಿಗೆ ಬೇಗ ಮಾಸುತ್ತದೆ. ಅದಕ್ಕೇ ಮನೆಯವರು ಮತ್ತೆ ಮತ್ತೆ ನೋಡಿದ ಸ್ಲೈಡು ಮಾಸಿ, ಯಾರೂ ನೋಡದ ಸ್ಲೈಡು ಹೊಸದರ ಹಾಗಿರುವುದು.

ಸರಿ ಮಾಡುವಾಗ ಕೆಂಪು, ಹಸಿರು, ನೀಲಿ ಪದರಗಳನ್ನು ಒಂದೊಂದಾಗಿ ಹಿಡಿದು, ಅತಿ ಕಪ್ಪು ಮತ್ತು ಅತಿ ಬಿಳಿ ಎಲ್ಲಿರಬೇಕೋ ಅಲ್ಲಿಗೆ ತನ್ನಿ. ಮೋಡ, ಬಂಡೆ, ಡಾಂಬರು ರಸ್ತೆ ಒಳ್ಳೆಯ ಗುರುತುಗಳು. ಒಂದು ಮಾತು: ಎತ್ತರದ ಜಾಗದಲ್ಲಿ ನೆರಳು ನಿಜವಾಗಿಯೂ ನೀಲಿ, ಸಂಜೆ ನಿಜವಾಗಿಯೂ ಕೆಂಪು. ಅದನ್ನೂ ತೊಳೆದು ಬಿಳಿ ಮಾಡಿಬಿಟ್ಟರೆ ಆ ಹೊತ್ತೇ ಹೋಗುತ್ತದೆ.

ಎಐ ಹಾಕಿದ್ರೆ ಮಸುಕು ಫೋಟೋ ಸ್ಪಷ್ಟ ಆಗುತ್ತೆ. ಮಾಡಬಹುದಾ?

ಪ್ರತಿ ಇಟ್ಟುಕೊಂಡು ಆಡಿ ನೋಡಿ, ಆದರೆ ಹಂಚುವಾಗ ಹೇಳಿ. ಅದು ಸ್ಪಷ್ಟ ಮಾಡುವುದಿಲ್ಲ, ಊಹಿಸಿ ಬರೆಯುತ್ತದೆ. ದೂರದ ಇಳಿಜಾರಿನ ಮೇಲಿನ ಮಚ್ಚೆಯನ್ನು ಅದು ಮರ ಮಾಡಬಹುದು. ಅಲ್ಲಿ ಇದ್ದದ್ದು ಕುಸಿದ ಮಣ್ಣೋ ಏನೋ. ಮುಂದೆ ಯಾರಾದರೂ ಆ ಇಳಿಜಾರಿನಲ್ಲಿ ಕಾಡಿತ್ತೇ ಅಂತ ನಿಮ್ಮ ಫೋಟೋ ನೋಡಿ ತಿಳಿಯಲು ಬಂದರೆ ಅವರಿಗೆ ಸುಳ್ಳು ಹೇಳಿದಂತಾಗುತ್ತದೆ. ನಾನಂತೂ ಧೂಳು, ಗೀರು ತೆಗೆಯುವುದರ ಆಚೆ ಹೋಗುವುದಿಲ್ಲ.

ಸ್ಕ್ಯಾನ್ ಆದ್ಮೇಲೆ ನೆಗೆಟಿವ್ ಎಸೀಬಹುದಾ?

ಬೇಡ. ಇಂದಿನ ಸ್ಕ್ಯಾನ್ ಹತ್ತು ವರ್ಷದ ಮೇಲೆ ಸಾಲದೆ ಹೋಗಬಹುದು. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಹಾಳೆಗಳಲ್ಲಿ ಇಡಿ, ಪಿವಿಸಿ ಬೇಡ. ತೇವಾಂಶ 30ರಿಂದ 50 ಶೇಕಡಾ ಇರುವ ತಂಪು ಜಾಗ ಒಳ್ಳೆಯದು. ಫೈಲುಗಳಿಗೆ ಮೂರು ಪ್ರತಿ ಇರಲಿ, ಒಂದು ಮನೆಯಿಂದ ಹೊರಗೆ.

## ಹಂಚಿಕೊಳ್ಳುವಾಗ

ನೂರಾರು ಇದೆ. ಯಾವುದನ್ನು ಹಂಚಲಿ?

ಚೆಂದದ್ದನ್ನು ಮಾತ್ರ ಆರಿಸಬೇಡಿ. ಸೂರ್ಯಾಸ್ತದ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಕೆರೆಯ ಏರಿ, ಊರಾಚೆಯ ಬಯಲು, ರಸ್ತೆ ಅಗಲವಾಗುವ ಮುಂಚಿನ ಸಾಲುಮರ, ಇಂಥವು ಆಗ ಯಾರಿಗೂ ಮುಖ್ಯ ಅನ್ನಿಸಿರಲಿಲ್ಲ, ಅದಕ್ಕೇ ಈಗ ಸಿಗುವುದಿಲ್ಲ. ಒಂದು ಸಲಕ್ಕೆ ಐದಾರು ಸಾಕು.

ಫೋಟೋ ಜೊತೆ ಏನು ಬರೀಬೇಕು?

ಜಾಗ, ಕಾಲ, ತೆಗೆದವರು, ಯಾವ ದಿಕ್ಕಿಗೆ ನೋಡುತ್ತಿದೆ, ಮತ್ತು ಇದೆಲ್ಲ ನಿಮಗೆ ಹೇಗೆ ಗೊತ್ತಾಯಿತು. ಕೊನೆಯದನ್ನು ಜನ ಬಿಟ್ಟುಬಿಡುತ್ತಾರೆ. ‘1974’ ಅಂತ ಬರೆಯುವುದಕ್ಕೂ ‘ಚೌಕಟ್ಟಿನ ಮೇಲೆ 1974 ಅಂತಿದೆ’ ಅಂತ ಬರೆಯುವುದಕ್ಕೂ ವ್ಯತ್ಯಾಸ ಇದೆ. ಊಹೆಯಾದರೆ ‘ಸುಮಾರು’ ಅಂತ ಸೇರಿಸಿ. ಫೈಲಿನ ಒಳಗಿನ ಮಾಹಿತಿಯಲ್ಲೂ ಇದನ್ನು ತುಂಬಿಸಿ. ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ದಿನವೇ ಫೋಟೋದ ದಿನ ಅಂತ ಕಂಪ್ಯೂಟರ್ ತಿಳಿಯುತ್ತದೆ, 50 ವರ್ಷ ಹಿಂದಿನ ಹೊಳೆ ಮೊನ್ನೆಯ ಫೋಟೋಗಳ ಮಧ್ಯೆ ಬಂದು ಕೂರುತ್ತದೆ.

ಅಪರೂಪದ ಗಿಡವೋ ಹಕ್ಕಿಯ ಗೂಡೋ ಇರುವ ಜಾಗವಾದರೆ ನಿಖರ ಸ್ಥಳ ಬರೆಯಬೇಡಿ, ಪ್ರದೇಶದ ಹೆಸರು ಸಾಕು.

ತೆಗೆದವರು ಈಗಿಲ್ಲ. ನೆಗೆಟಿವ್ ನನ್ನ ಹತ್ರ ಇದೆ. ಹಾಕಬಹುದು ಅಲ್ವಾ?

ನೆಗೆಟಿವ್ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ. ಸಾಮಾನ್ಯವಾಗಿ ಕಾಪಿರೈಟ್ ತೆಗೆದವರದ್ದು, ಅವರ ನಂತರ ವಾರಸುದಾರರದ್ದು. ಅವಧಿ ದೇಶದಿಂದ ದೇಶಕ್ಕೆ ಬೇರೆ. ಮನೆಯವರದ್ದೇ ಆದರೆ ಉಳಿದ ವಾರಸುದಾರರನ್ನು ಒಂದು ಮಾತು ಕೇಳಿ. ಗುಜರಿಯಲ್ಲಿ ಸಿಕ್ಕಿದ್ದಾದರೆ ತೆಗೆದವರನ್ನು ಹುಡುಕಲು ನಿಜವಾಗಿ ಪ್ರಯತ್ನ ಮಾಡಿ. ಹಕ್ಕು ನಿಮ್ಮದೇ ಆಗಿದ್ದು, ಎಲ್ಲರಿಗೂ ಉಪಯೋಗ ಆಗಲಿ ಅನ್ನಿಸಿದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಷರತ್ತಿನ ಮೇಲೆ ಯಾರೂ ಉಚಿತವಾಗಿ ಬಳಸಬಹುದು) ಫೋಟೋಗಳ ಮುಕ್ತ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್‌ಗೆ ಕೊಡಬಹುದು. ತೆಗೆದವರ ಹೆಸರು ಫೋಟೋ ಜೊತೆಗೇ ಹೋಗುತ್ತದೆ.

ಅದೇ ಜಾಗಕ್ಕೆ ಹೋಗಿ ಅದೇ ಫೋಟೋ ಮತ್ತೆ ತೆಗೀಬೇಕು ಅಂತ ಆಸೆ. ಎಲ್ಲಿ ನಿಲ್ಲಬೇಕು ಅಂತ ಹೇಗೆ ಗೊತ್ತಾಗುತ್ತೆ?

ಇದು ದೊಡ್ಡ ಕೆಲಸ, ಮಾಡಿ. 1977ರಿಂದ 1979ರವರೆಗೆ ಫೋಟೋಗ್ರಾಫರ್ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು ಅಮೆರಿಕದ ಪಶ್ಚಿಮ ಭಾಗದಲ್ಲಿ 19ನೇ ಶತಮಾನದ ಸರ್ವೆ ಫೋಟೋಗಳ ಜಾಗಗಳಿಗೆ ಹೋಗಿ ಹೀಗೇ ಮತ್ತೆ ತೆಗೆದರು. ಅಮೆರಿಕದ ಗ್ಲೇಸಿಯರ್ ನ್ಯಾಷನಲ್ ಪಾರ್ಕಿನಲ್ಲಿ 1997ರಿಂದ ವಿಜ್ಞಾನಿಗಳು ಹಳೆ ಫೋಟೋಗಳ ಜಾಗದಲ್ಲೇ ನಿಂತು ತೆಗೆದ ಚಿತ್ರಗಳಲ್ಲಿ ಹಿಮನದಿಗಳು ಎಷ್ಟು ಕರಗಿವೆ ಅಂತ ಕಣ್ಣಿಗೇ ಕಾಣುತ್ತದೆ.

ಮುಖ್ಯವಾದದ್ದು ನಿಲ್ಲುವ ಜಾಗ, ಲೆನ್ಸ್ ಅಲ್ಲ. ಹಳೆ ಫೋಟೋದಲ್ಲಿ ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಒಂದೇ ಗೆರೆಯಲ್ಲಿ ಬರುವುದನ್ನು ಹುಡುಕಿ. ಬಂಡೆಯ ತುದಿಯ ಸರಿ ಹಿಂದೆ ಗುಡ್ಡದ ತಗ್ಗು, ಹೀಗೆ. ಅಂಥದ್ದೇ ಇನ್ನೊಂದು ಜೋಡಿ ಚಿತ್ರದ ಇನ್ನೊಂದು ಬದಿಯಲ್ಲಿ ಬೇಕು. ಬಂಡೆ ಎಡಕ್ಕೆ ಸರಿದು ಕಂಡರೆ ನೀವೂ ಎಡಕ್ಕೆ ಸರಿಯಬೇಕು. ಎರಡೂ ಜೋಡಿ ಒಟ್ಟಿಗೆ ಕೂಡಿ ಬಂದ ಕಡೆ ನಿಂತರೆ ಅದೇ ಜಾಗ. ಸ್ವಲ್ಪ ಅಗಲದ ಲೆನ್ಸಿನಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಳ್ಳಿ. ನೆರಳೂ ಹೊಂದಬೇಕಾದರೆ ಅದೇ ದಿನ, ಅದೇ ಹೊತ್ತು ಬೇಕು. ವರ್ಷದಲ್ಲಿ ಎರಡು ಅವಕಾಶ ಇವೆ: ಏಪ್ರಿಲ್ ಕೊನೆಯಲ್ಲಿ ಸೂರ್ಯ ಹೋಗುವ ದಾರಿಯಲ್ಲೇ ಆಗಸ್ಟ್ ಮಧ್ಯದಲ್ಲೂ ಹೋಗುತ್ತಾನೆ.

ದೊಡ್ಡಪ್ಪನ ಸ್ಲೈಡಿನ ಪ್ರಿಂಟ್ ಹಿಡಿದು ನಾನೂ ಆ ಸೇತುವೆಗೆ ಹೋಗಿದ್ದೆ. ಮೊಂಡು ಗುಡ್ಡದ ತುದಿಯನ್ನು ಹೊಳೆಯ ನಡುವಿನ ಬಂಡೆಗೆ ಕೂಡಿಸುತ್ತಾ ಕಟಾಂಜನದ ಉದ್ದಕ್ಕೂ ಸರಿಯುತ್ತಾ ಹೋದೆ. ಕೂಡಿ ಬಂದದ್ದು ಮೂರನೇ ಕಂಬದ ಹತ್ತಿರ. ಅಲ್ಲಿ ಕಟಾಂಜನದ ಮೇಲೆ ಮೊಣಕೈ ಊರಲು ಸರಿಯಾಗಿ ಒಂದು ಚಪ್ಪಟೆ ಜಾಗ ಇತ್ತು. ಅವರೂ ಅಲ್ಲೇ ಮೊಣಕೈ ಊರಿರಬೇಕು.